ದಿನಕ್ಕೆ ಎಷ್ಟು ಆಮ್ಲಾ ಕ್ಯಾಂಡಿ? ಮೊದಲು ಸಕ್ಕರೆಯ ಲೆಕ್ಕ ಕೇಳೋಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಧಾರವಾಡಕ್ಕೆ ಬಂದು, ಸಪ್ತಾಪುರದ ಸುತ್ತಮುತ್ತ ರೂಮು ಮಾಡಿಕೊಂಡು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದೋ ಹುಡುಗ ಹುಡುಗಿಯರು ಸಾವಿರಾರು. ಬೆಳಗ್ಗೆ ಚಹಾ, ಮಧ್ಯಾಹ್ನ ಖಾನಾವಳಿ ಊಟ, ರಾತ್ರಿ ಎರಡರವರೆಗೆ ಓದು. ನಡುವೆ ಸುಸ್ತು. ಆ ಸುಸ್ತಿಗೆ ಈಗ ಸುಲಭವಾಗಿ ಸಿಗುವ ಪರಿಹಾರವೆಂದರೆ ನೆಲ್ಲಿಕಾಯಿ ಮಿಠಾಯಿ. ಆಮ್ಲಾ ಕ್ಯಾಂಡಿ, ನೆಲ್ಲಿ ಮೊರಬ್ಬ, ಚ್ಯವನಪ್ರಾಶ, ನೆಲ್ಲಿ ಲಾಡು, ಹೆಸರು ಬೇರೆ ಬೇರೆ. ಪ್ಯಾಕೆಟ್ ಮೇಲೆ ಇರುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: ಶಕ್ತಿ, ರೋಗನಿರೋಧಕತೆ, ನೈಸರ್ಗಿಕ.

ಹೀಗಾಗಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಇದನ್ನ ದಿನಕ್ಕೆ ಎಷ್ಟು ತಿನ್ನಬಹುದು? ಕೇಳಿದವರಿಗೆ ಮನೆಯಲ್ಲೂ ಅಂಗಡಿಯಲ್ಲೂ ಸಿಗುವ ಉತ್ತರ, "ಏನಾಗೂದಿಲ್ಲ ತಿನ್ರಿ, ನೆಲ್ಲಿಕಾಯಿ ಅಲ್ಲೇನ್ರಿ?"

ನೆಲ್ಲಿಕಾಯಿ ಹೌದು. ಆದರೆ ಪೂರ್ತಿ ನೆಲ್ಲಿಕಾಯಿ ಅಲ್ಲ. ಉತ್ತರವನ್ನು ಮೊದಲೇ ಹೇಳಿಬಿಡ್ತೇನೆ, ಕಾರಣ ಆಮೇಲೆ ನೋಡೋಣ. ಸಕ್ಕರೆ ಕಾಯಿಲೆ ಇಲ್ಲದ, ಆರೋಗ್ಯವಾಗಿರುವ ವಯಸ್ಕರು ದಿನಕ್ಕೆ ಸುಮಾರು 10 ಗ್ರಾಂ ಕ್ಯಾಂಡಿ, ಅಂದರೆ ಎರಡು ಮೂರು ತುಂಡು ತಿನ್ನಬಹುದು. ಇಲ್ಲವೇ ಅರ್ಧ ಮೊರಬ್ಬ. ಇಲ್ಲವೇ ಒಂದು ಸಣ್ಣ ಚಮಚ ಚ್ಯವನಪ್ರಾಶ. ಮೂರರಲ್ಲಿ ಒಂದು ಮಾತ್ರ, ಮೂರೂ ಅಲ್ಲ. ಅದೂ ಚಹಾದಲ್ಲಿ ಸಕ್ಕರೆ ಕಮ್ಮಿ ಇದ್ದರೆ. ಶುಗರ್ ಇರುವವರಿಗೆ ಈ ಮಿಠಾಯಿ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೂ ಬೇಡ.

ಕಾಯಿಯಲ್ಲಿ ಇರೋದು ಏನು?

ನೆಲ್ಲಿಕಾಯಿಗೆ ಇರುವ ಹೆಸರು ಸುಮ್ಮನೆ ಬಂದಿದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ನೆಲ್ಲಿಕಾಯಿಯಲ್ಲಿ ಸುಮಾರು 250 ಮಿಲಿಗ್ರಾಂ ಸಿ ವಿಟಮಿನ್ ಇದೆ. ಹಳೆಯ ಪುಸ್ತಕಗಳಲ್ಲಿ 600 ಮಿಲಿಗ್ರಾಂ ಅಂತ ಕಾಣುತ್ತೆ, ಜಾಹೀರಾತುಗಳು ಇವತ್ತಿಗೂ ಅದನ್ನೇ ಹಿಡಿದುಕೊಂಡಿವೆ. ಕಡಿಮೆ ಇರುವ ಹೊಸ ಸಂಖ್ಯೆಯನ್ನೇ ತೆಗೆದುಕೊಂಡರೂ ಅದು ದೊಡ್ಡದೇ.

ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದ ಪ್ರಕಾರ ಒಬ್ಬ ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾಗಿರೋದು 80 ಮಿಲಿಗ್ರಾಂ ಸಿ ವಿಟಮಿನ್, ಹೆಂಗಸಿಗೆ 65. ಬೀಜ ತೆಗೆದ 30 ಗ್ರಾಂ ನೆಲ್ಲಿಕಾಯಿಯಲ್ಲಿ 75 ಮಿಲಿಗ್ರಾಂ ಸಿಗುತ್ತೆ. ಅಂದರೆ ಒಂದು ಮಧ್ಯಮ ಗಾತ್ರದ ಹಸಿ ನೆಲ್ಲಿಕಾಯಿ ತಿಂದರೆ ಒಂದು ದಿನದ ಲೆಕ್ಕ ಮುಗೀತು. ಎರಡು ತಿಂದರೆ ತೊಂದರೆಯಿಲ್ಲ, ಆದರೆ ಎರಡರಷ್ಟು ಲಾಭವೂ ಇಲ್ಲ. ಸಿ ವಿಟಮಿನ್ ನೀರಿನಲ್ಲಿ ಕರಗುವಂಥದ್ದು, ದೇಹಕ್ಕೆ ಸಾಕಾಗಿ ಉಳಿದದ್ದು ಮೂತ್ರದಲ್ಲಿ ಹೊರಟುಹೋಗುತ್ತೆ.

ಇದೇ ನೀರಿನಲ್ಲಿ ಕರಗುವ ಗುಣ ಮಿಠಾಯಿ ಮಾಡುವಾಗ ಕೈಕೊಡುತ್ತೆ. ಕ್ಯಾಂಡಿ ಅಥವಾ ಮೊರಬ್ಬ ಮಾಡೋರು ಕಾಯಿಯನ್ನು ಮೊದಲು ಬೇಯಿಸ್ತಾರೆ ಅಥವಾ ಹಬೆಯಲ್ಲಿ ಇಡ್ತಾರೆ. ಮೊರಬ್ಬಕ್ಕಾದರೆ ಮುಳ್ಳುಚಮಚದಿಂದ ಚುಚ್ಚಿ, ಒಗರು ಹೋಗಲಿ ಅಂತ ಸುಣ್ಣದ ತಿಳಿನೀರು ಅಥವಾ ಪಟಕದ ನೀರಿನಲ್ಲಿ ನೆನೆಸೋದೂ ಉಂಟು. ಆಮೇಲೆ ದಿನಗಟ್ಟಲೆ ಪಾಕ, ಕೊನೆಗೆ ಬಿಸಿಲು ಅಥವಾ ಡ್ರೈಯರ್. ಪ್ರತಿ ಹಂತದಲ್ಲೂ ಒಂದಿಷ್ಟು ವಿಟಮಿನ್ ನೀರಿಗೆ, ಬಿಸಿಗೆ, ಗಾಳಿಗೆ ಹೋಗುತ್ತೆ. ಎಷ್ಟು ಉಳಿಯುತ್ತೆ ಅನ್ನೋದು ಮಾಡಿದ ವಿಧಾನ, ಒಣಗಿಸಿದ ರೀತಿ, ಅಂಗಡಿಯಲ್ಲಿ ಇಟ್ಟ ದಿನಗಳ ಮೇಲೆ ನಿಂತಿದೆ. ಹಸಿಕಾಯಿಯ ಸಂಖ್ಯೆಯನ್ನು ಹಾಗೇ ಕ್ಯಾಂಡಿಗೆ ಅಂಟಿಸೋಕೆ ಬರೋದಿಲ್ಲ. ಆದರೆ ಪ್ಯಾಕೆಟ್ ಹಿಂದಿನ ಕತೆಯಲ್ಲಿ ಅದನ್ನೇ ಮಾಡಿರ್ತಾರೆ.

ಒಂದು ಕಿಲೋ ನೆಲ್ಲಿ, ಮುಕ್ಕಾಲು ಕಿಲೋ ಸಕ್ಕರೆ

ಎಂಜಿನಿಯರಿಂಗ್ ಓದಿದವರಿಗೆ ಮೊದಲ ವರ್ಷದಲ್ಲೇ ಒಂದು ಪಾಠ ತಲೆಗೆ ಹೊಕ್ಕಿರುತ್ತೆ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಬರೆದುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತೆ. ಕ್ಯಾಂಡಿಗೂ ಅದನ್ನೇ ಮಾಡೋಣ.

ಮನೆಯಲ್ಲಿ ಮಾಡುವ ಸಾಮಾನ್ಯ ಅಳತೆ: ಒಂದು ಕಿಲೋ ನೆಲ್ಲಿಕಾಯಿ, 700 ಗ್ರಾಂ ಸಕ್ಕರೆ. ಬೀಜ ತೆಗೆದ ಮೇಲೆ ಕಾಯಿ ಸುಮಾರು 900 ಗ್ರಾಂ. ಅದರಲ್ಲಿ ನೂರಕ್ಕೆ 85 ಪಾಲು ಬರೀ ನೀರು, ಹಾಗಾಗಿ ನಿಜವಾದ ನೆಲ್ಲಿಯ ಅಂಶ 135 ಗ್ರಾಂ. 700 ಗ್ರಾಂ ಸಕ್ಕರೆಯಲ್ಲಿ 400 ಗ್ರಾಂ ಕಾಯಿಯೊಳಗೆ ಇಳಿದು, ಉಳಿದದ್ದು ಪಾಕದಲ್ಲಿ ನಿಂತಿತು ಅಂದುಕೊಳ್ಳೋಣ. ಒಣಗಿದ ಮೇಲೆ ಒಂದಿಷ್ಟು ತೇವ ಉಳಿದು, ಒಟ್ಟು ಸುಮಾರು 630 ಗ್ರಾಂ ಕ್ಯಾಂಡಿ ಸಿಗುತ್ತೆ. ಅದರಲ್ಲಿ 400 ಗ್ರಾಂ ಸಕ್ಕರೆ. ಅಂದರೆ ನೂರಕ್ಕೆ 63, 64 ಪಾಲು.

ಇದು ಯಾರದೋ ಮೋಸ ಅಲ್ಲ. ಸಕ್ಕರೆ ಇಲ್ಲಿ ಸಿಹಿಗೆ ಮಾತ್ರ ಇರೋದಲ್ಲ, ಕೆಡದಂತೆ ಕಾಯೋಕೂ ಇರೋದು. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಮೊರಬ್ಬದಲ್ಲಿ ಸಕ್ಕರೆ ಮಾಡುತ್ತೆ. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲದ ಕಾಯಿಯನ್ನು ಬೇಸಿಗೆವರೆಗೆ ಇಡೋಕೆ ಜನ ಕಂಡುಕೊಂಡ ಜಾಣ ದಾರಿ ಅದು. ಹಾಗೆ ಇಡಬೇಕು ಅಂದರೆ ಸಕ್ಕರೆ ನೂರಕ್ಕೆ 65ರ ಆಸುಪಾಸು ಇರಲೇಬೇಕು. ನಮ್ಮ ಕಡೆಯ ಮಾವಿನಕಾಯಿ ಗುಳಂಬವೂ ಇದೇ ಜಾತಿಯದು. ಆದರೆ ಗುಳಂಬವನ್ನು ಯಾರೂ ಔಷಧಿ ಅಂತ ತಿನ್ನಲ್ಲ, ರೊಟ್ಟಿ ಚಪಾತಿಗೆ ಒಂದಿಷ್ಟು ಹಚ್ಚಿಕೊಳ್ತಾರೆ. ನೆಲ್ಲಿ ಮಿಠಾಯಿಗೆ ಮಾತ್ರ ಔಷಧಿಯ ಮರ್ಯಾದೆ ಸಿಕ್ಕಿದೆ.

ಇನ್ನೊಂದು ವಿಷಯ ಗಮನಿಸಿ. ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲು "ನೆಲ್ಲಿಕಾಯಿ", ಆಮೇಲೆ "ಸಕ್ಕರೆ" ಅಂತ ಇರುತ್ತೆ. ಅದನ್ನು ನೋಡಿ ನೆಲ್ಲಿಯೇ ಜಾಸ್ತಿ ಅಂದುಕೊಳ್ತೇವೆ. ನಿಯಮದ ಪ್ರಕಾರ ಆ ಪಟ್ಟಿ ತಯಾರಿಸುವ ಹೊತ್ತಿನ ತೂಕದ ಕ್ರಮದಲ್ಲಿ ಇರಬೇಕು. ಮೇಲಿನ ಲೆಕ್ಕದಲ್ಲಿ ಹಾಕುವಾಗ ಸಾವಿರ ಗ್ರಾಂ ನೆಲ್ಲಿ, 700 ಗ್ರಾಂ ಸಕ್ಕರೆ, ಹಾಗಾಗಿ ನೆಲ್ಲಿಯೇ ಮೊದಲು. ಒಣಗಿಸಿದಾಗ ನೆಲ್ಲಿಯ ನೀರು ಹಾರಿಹೋಯಿತು, ಸಕ್ಕರೆ ಎಲ್ಲಿಗೂ ಹೋಗಲಿಲ್ಲ. ಪಟ್ಟಿ ಸುಳ್ಳು ಹೇಳಿಲ್ಲ, ಆದರೆ ನಿಮಗೆ ಬೇಕಾದ ಸತ್ಯವನ್ನೂ ಹೇಳಿಲ್ಲ. ಅದಕ್ಕೆ ನೋಡಬೇಕಾದ್ದು ಪೋಷಕಾಂಶಗಳ ಕೋಷ್ಟಕದಲ್ಲಿರುವ "ಸೇರಿಸಿದ ಸಕ್ಕರೆ" ಅನ್ನೋ ಸಾಲು.

25 ಗ್ರಾಂನ ಮಿತಿ, 50 ಗ್ರಾಂನ ಲೇಬಲ್

ಈಗ ದಿನದ ಮಿತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ಒಟ್ಟು ಆಹಾರದಿಂದ ಬರುವ ಕ್ಯಾಲರಿಯಲ್ಲಿ ಸೇರಿಸಿದ ಸಕ್ಕರೆಯಂಥವುಗಳ ಪಾಲು ನೂರಕ್ಕೆ 10 ದಾಟಬಾರದು, 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಆಹಾರ ಮಾರ್ಗಸೂಚಿಯೂ ಆ 5ರ ಕಡೆಗೇ ನಿಂತಿದೆ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಅದು 25 ಗ್ರಾಂ. ಸುಮಾರು ಆರು ಸಣ್ಣ ಚಮಚ.

ಆರು ಚಮಚ ಎಷ್ಟು ಬೇಗ ಖಾಲಿಯಾಗುತ್ತೆ ನೋಡಿ. ದಿನಕ್ಕೆ ಮೂರು ಚಹಾ, ಪ್ರತಿಯೊಂದಕ್ಕೂ ಎರಡು ಸಣ್ಣ ಚಮಚ, ಚಮಚಕ್ಕೆ ನಾಲ್ಕು ಗ್ರಾಂ. ಅಲ್ಲಿಗೆ 24 ಗ್ರಾಂ. ಬೈಲಹೊಂಗಲದ ಬಸ್ ಸ್ಟ್ಯಾಂಡಾಗಲಿ ರಾಮದುರ್ಗದ ಸಂತೆಯಾಗಲಿ, ಚಹಾ ಕೊಡೋರು ಸಕ್ಕರೆ ಕೇಳಿ ಹಾಕೋದಿಲ್ಲ. ಅಂದರೆ ಮೂರು ಚಹಾ ಕುಡಿದವರ ಆವತ್ತಿನ ಪಾಲು ಚಹಾದಲ್ಲೇ ಮುಗಿದಿದೆ. ಅದರ ಮೇಲೆ ಬರುವ ಪ್ರತಿ ತುಂಡು ಕ್ಯಾಂಡಿಯೂ ಸಾಲದ ಲೆಕ್ಕ.

ಎರಡು ಚಹಾ, ಅದೂ ಒಂದೊಂದೇ ಚಮಚದ್ದು ಅಂದರೆ 8 ಗ್ರಾಂ. ಆಗ 17 ಗ್ರಾಂ ಉಳೀತು. 10 ಗ್ರಾಂ ಕ್ಯಾಂಡಿ ಆರೂವರೆ ಗ್ರಾಂ ಸಕ್ಕರೆ ತರುತ್ತೆ. ಬಿಸ್ಕತ್ತು, ತಂಪು ಪಾನೀಯ, ಪೇಡಾ, ಕುಂದಾ ಯಾವುದೂ ಇಲ್ಲದಿದ್ದರೆ ಇದಕ್ಕೆ ಜಾಗ ಇದೆ. ಪಾಕದಿಂದ ತೆಗೆದ ಒಂದು ಇಡೀ ಮೊರಬ್ಬ 30ರಿಂದ 40 ಗ್ರಾಂ ತೂಗುತ್ತೆ, ಅದರಲ್ಲಿ 20 ಗ್ರಾಂ ದಾಟಿ ಸಕ್ಕರೆ ಇರಬಹುದು. ಅದಕ್ಕೇ ಅರ್ಧ ಅಂದದ್ದು. ಅಳತೆಗೆ ತಕ್ಕಡಿ ಬೇಕಾಗಿಲ್ಲ. 100 ಗ್ರಾಂ ಪ್ಯಾಕೆಟ್ ತಂದರೆ ಅದು ಹತ್ತು ದಿನ ಬರಬೇಕು. ಎರಡು ದಿನಕ್ಕೆ ಮುಗಿದರೆ ನೀವು ದಿನಕ್ಕೆ 32 ಗ್ರಾಂ ಸಕ್ಕರೆ ತಿಂದಿದ್ದೀರಿ.

ಇಲ್ಲೇ ಸರ್ಕಾರದ ಎರಡು ಕೈ ಎರಡು ಬೇರೆ ಸಂಖ್ಯೆ ಹಿಡಿದಿರೋದು ಗೊತ್ತಾಗೋದು. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ಮಾಡಿದ ಲೇಬಲ್ ನಿಯಮದಲ್ಲಿ "ಒಂದು ಬಾರಿ ತಿಂದರೆ ದಿನದ ಮಿತಿಯ ಇಷ್ಟು ಪಾಲು" ಅಂತ ತೋರಿಸುವಾಗ ಸೇರಿಸಿದ ಸಕ್ಕರೆಯ ದಿನದ ಮಿತಿ 50 ಗ್ರಾಂ ಅಂತ ಹಿಡಿಯಬೇಕು. ಪೋಷಣಾ ಸಂಸ್ಥೆ ಹೇಳೋದು 25. 25 ಗ್ರಾಂ ಕ್ಯಾಂಡಿಯಲ್ಲಿ 16 ಗ್ರಾಂ ಸಕ್ಕರೆ ಇದ್ದರೆ ಲೇಬಲ್ ಮೇಲೆ "ನೂರಕ್ಕೆ 32" ಅಂತ ಬರುತ್ತೆ. ಪೋಷಣಾ ಸಂಸ್ಥೆಯ ಮಿತಿಯಲ್ಲಿ ಅದೇ ನೂರಕ್ಕೆ 64. ಇನ್ನು ಮುಂದೆ ಯಾವ ಪ್ಯಾಕೆಟ್ ನೋಡಿದರೂ ಆ ಪ್ರತಿಶತವನ್ನು ಎರಡರಿಂದ ಗುಣಿಸಿಕೊಳ್ಳಿ.

"ಎನರ್ಜಿ" ಅಂದರೆ ಏನು?

ಪ್ಯಾಕೆಟ್ ಮೇಲೆ ಇರುವ ಎನರ್ಜಿ ಅನ್ನೋ ಪದಕ್ಕೆ ಕೋಷ್ಟಕದಲ್ಲಿ ಒಂದೇ ಅರ್ಥ: ಕ್ಯಾಲರಿ. ಒಂದು ಗ್ರಾಂ ಸಕ್ಕರೆಗೆ ನಾಲ್ಕು ಕ್ಯಾಲರಿ. ಕ್ಯಾಂಡಿ ತಿಂದ ಸ್ವಲ್ಪ ಹೊತ್ತಿಗೆ ಚುರುಕು ಬಂದಂತೆ ಅನಿಸೋದು ಆ ಸಕ್ಕರೆಯಿಂದಲೇ. ಅಷ್ಟೇ ಚುರುಕು ಒಂದು ಪೆಪ್ಪರಮೆಂಟಿನಿಂದಲೂ ಬರುತ್ತೆ, ಅದನ್ನು ಯಾರೂ ಆರೋಗ್ಯ ಅನ್ನಲ್ಲ.

ನಾವು "ಶಕ್ತಿ ಇಲ್ಲ" ಅನ್ನುವಾಗ ಹೇಳೋದು ಬೇರೆ. ಮೆಟ್ಟಿಲು ಹತ್ತಿದರೆ ಏದುಸಿರು, ಓದೋಕೆ ಕೂತರೆ ತಲೆ ಭಾರ, ಬೆಳಗ್ಗೆ ಎದ್ದಾಗಲೇ ಸುಸ್ತು. ಇದಕ್ಕೆ ನಿದ್ದೆಗೇಡು ಕಾರಣ ಇರಬಹುದು, ಥೈರಾಯ್ಡ್ ಇರಬಹುದು. ನಮ್ಮ ರಾಜ್ಯದಲ್ಲಿ ಬಹಳ ಸಲ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ದಾಟಿದೆ. ಸುಸ್ತಾದ ಹುಡುಗಿಗೆ ಕ್ಯಾಂಡಿ ಪ್ಯಾಕೆಟ್ ಕೊಟ್ಟು ಕಳಿಸಿದರೆ ಅವಳ ಕಾಯಿಲೆ ಇನ್ನೊಂದು ವರ್ಷ ಬಚ್ಚಿಟ್ಟಂತೆ. ಬೇಕಾಗಿರೋದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹಿಮೋಗ್ಲೋಬಿನ್ ಪರೀಕ್ಷೆ, ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ. ಅದಕ್ಕಾಗಿಯೇ 2018ರಿಂದ ಅನೀಮಿಯಾ ಮುಕ್ತ ಭಾರತ ಅನ್ನೋ ಕಾರ್ಯಕ್ರಮವೂ ಇದೆ.

ನೆಲ್ಲಿಕಾಯಿಗೆ ಇಲ್ಲಿ ಒಂದು ನಿಜವಾದ ಕೆಲಸ ಇದೆ. ಜೋಳದ ರೊಟ್ಟಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳೋದಿಲ್ಲ. ಜೊತೆಗೆ ಸಿ ವಿಟಮಿನ್ ಇದ್ದರೆ ಹೀರುವಿಕೆ ಹೆಚ್ಚುತ್ತೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತೆ. ಹಾಗಾಗಿ ನೆಲ್ಲಿ ಊಟದ ತಟ್ಟೆಯಲ್ಲೇ ಇರಬೇಕು. ಹಸಿ ನೆಲ್ಲಿಕಾಯಿ ಚಟ್ನಿ, ತೊಕ್ಕು, ಮೊಸರಿಗೆ ಹಾಕಿದ ತುರಿ, ಯಾವುದಾದರೂ ಸರಿ. ಊಟ ಆಗಿ ಒಂದು ತಾಸು ಬಿಟ್ಟು ಚಹಾ. ಬೆಟ್ಟದ ನೆಲ್ಲಿಯನ್ನು ಸಮುದ್ರದ ಉಪ್ಪಿನ ಜೊತೆ ಸೇರಿಸಿ ಅಲ್ಲಮಪ್ರಭು ವಚನ ಹೇಳಿ ಎಂಟು ಶತಮಾನ ದಾಟಿತು. ನಮ್ಮ ಊಟದಲ್ಲಿ ನೆಲ್ಲಿಯ ಹಳೆಯ ನಂಟು ಉಪ್ಪಿನ ಜೊತೆ. ಆ ಉಪ್ಪಿಗೂ ಮಿತಿ ಇದೆ ಅನ್ನೋದು ಬೇರೆ ಮಾತು, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತೆ. ಚಟಪಟಾ ಮಸಾಲೆ ನೆಲ್ಲಿ ತಿನ್ನೋರು ಇದನ್ನೂ ನೆನಪಿಡಬೇಕು.

ನೆಲ್ಲಿ ಸಿಗದ ಕಾಲದಲ್ಲಿ ಪೇರಲ ಹಣ್ಣು ಇದೆ. 100 ಗ್ರಾಂ ಪೇರಲದಲ್ಲೂ 200 ಮಿಲಿಗ್ರಾಂ ದಾಟಿ ಸಿ ವಿಟಮಿನ್ ಇದೆ, ಮೇಲೆ ಸಕ್ಕರೆ ಸುರಿಯಬೇಕಾಗಿಲ್ಲ. ಊಟಕ್ಕೆ ಹಿಂಡುವ ಲಿಂಬೆಹಣ್ಣೂ ಇದೇ ಕೆಲಸ ಮಾಡುತ್ತೆ.

ಬೆಲ್ಲದ ಕ್ಯಾಂಡಿ, ಚ್ಯವನಪ್ರಾಶ: ಇವು ಬೇರೆ ಅಲ್ವಾ?

"ಸಕ್ಕರೆ ಬೇಡ, ನಮ್ಮದು ಬೆಲ್ಲದ್ದು" ಅಂತ ಮಾರುವವರು ಈಗ ಹೆಚ್ಚಿದ್ದಾರೆ. ಕೇಂದ್ರ ಸರ್ಕಾರದ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಗೆ ಸಿಕ್ಕಿರೋದು ಬೆಲ್ಲವೇ, ಹಾಗಾಗಿ ಈ ಮಾತು ನಮ್ಮ ಕಡೆ ಇನ್ನೂ ಜೋರಾಗಿ ಕೇಳುತ್ತೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರೋದು ನಿಜ. ಆದರೆ ಅದರಲ್ಲೂ ನೂರಕ್ಕೆ 80ಕ್ಕಿಂತ ಹೆಚ್ಚು ಸಕ್ಕರೆಯೇ. ಜೇನುತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತೆ. 25 ಗ್ರಾಂನ ಮಿತಿ ಬೆಲ್ಲಕ್ಕೆ ರಿಯಾಯಿತಿ ಕೊಡೋದಿಲ್ಲ.

ಇನ್ನು ಚ್ಯವನಪ್ರಾಶ. ಇದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಸಕ್ಕರೆ ಇರುತ್ತೆ. ಕೋವಿಡ್ ಶುರುವಾದಾಗ, 2020ರ ಮಾರ್ಚ್ ಕೊನೆಗೆ, ಆಯುಷ್ ಸಚಿವಾಲಯ ಕೊಟ್ಟ ಸಲಹೆ ನೆನಪಿರಬಹುದು: ಬೆಳಗ್ಗೆ ಒಂದು ಚಮಚ, 10 ಗ್ರಾಂ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆರಹಿತ ಚ್ಯವನಪ್ರಾಶ ತಗೊಳ್ಳಬೇಕು ಅಂತಲೂ ಅದೇ ಸಾಲಿನಲ್ಲಿ ಇತ್ತು. ಸಲಹೆಯ ಮೊದಲರ್ಧ ಜಾಹೀರಾತಾಗಿ ಮನೆಮನೆಗೆ ಮುಟ್ಟಿತು, ಎರಡನೆಯರ್ಧ ಹಿಂದೆ ಉಳೀತು. ದಿನಕ್ಕೆರಡು ಸಲ ಎರಡೆರಡು ಚಮಚ ತಿನ್ನುವವರು ಸಕ್ಕರೆಯನ್ನೇ 20 ಗ್ರಾಂ ದಾಟಿಸ್ತಾರೆ.

ಕಾನೂನಿನ ಒಂದು ತೊಡಕೂ ಇಲ್ಲಿದೆ. ಕ್ಯಾಂಡಿ ಆಹಾರ, ಅದು ಎಫ್‌ಎಸ್‌ಎಸ್‌ಎಐ ಕೆಳಗೆ ಬರುತ್ತೆ. ಚ್ಯವನಪ್ರಾಶ ಹೆಚ್ಚಾಗಿ ಆಯುರ್ವೇದ ಔಷಧಿಯ ಪರವಾನಗಿಯಲ್ಲಿ, 1940ರ ಔಷಧಿ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ಬರುತ್ತೆ. ಆಹಾರದ ಪೊಟ್ಟಣಕ್ಕೆ ಕಡ್ಡಾಯವಾದ ಪೋಷಕಾಂಶಗಳ ಕೋಷ್ಟಕ ಔಷಧಿ ಡಬ್ಬಿಗೆ ಕಡ್ಡಾಯ ಅಲ್ಲ. ಒಂದೇ ಕಾಯಿ, ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಒಂದಕ್ಕೆ ಲೆಕ್ಕ ಕೊಡಬೇಕು, ಇನ್ನೊಂದಕ್ಕೆ ಬೇಕಾಗಿಲ್ಲ. 2025ರಲ್ಲಿ ದಾಬರ್ ಮತ್ತು ಪತಂಜಲಿ ದೆಹಲಿ ಹೈಕೋರ್ಟಿನಲ್ಲಿ ಚ್ಯವನಪ್ರಾಶದ ಜಾಹೀರಾತಿನ ಬಗ್ಗೆ ಜಗಳವಾಡಿದವು. ಎದುರಾಳಿಯ ಉತ್ಪನ್ನವನ್ನು ಹೀಗಳೆಯುವಂಥ ಜಾಹೀರಾತಿಗೆ ಕೋರ್ಟು ತಡೆ ಕೊಟ್ಟಿತು. ಜಗಳ ನಡೆದದ್ದು ಯಾರದ್ದು ಅಸಲಿ ಅನ್ನೋದರ ಸುತ್ತ. ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಅನ್ನೋದು ಗ್ರಾಹಕರ ಪ್ರಶ್ನೆ, ಅದನ್ನು ಕಂಪನಿಗಳು ತಾವಾಗಿ ಕೋರ್ಟಿಗೆ ಒಯ್ಯೋದಿಲ್ಲ.

ಯಾರು ಹುಷಾರಾಗಿರಬೇಕು?

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಜನರಿಗೆ ಅದರ ಹಿಂದಿನ ಹಂತ ಇದೆ ಅಂತ ಅಂದಾಜು ಮಾಡಿತು. ನೆಲ್ಲಿ ಶುಗರ್ ಇಳಿಸುತ್ತೆ ಅನ್ನೋ ಮಾತು ನಂಬಿ ನೆಲ್ಲಿ ಮಿಠಾಯಿ ತಿನ್ನೋದು ಇವರಿಗೆ ನೇರ ಅಪಾಯ. ಇವರು ಹಸಿಕಾಯಿ ಊಟದ ಜೊತೆ ತಿನ್ನಬಹುದು. ನೆಲ್ಲಿಪುಡಿ, ನೆಲ್ಲಿರಸ ಅಂತ ದಿನಾ ಹೆಚ್ಚಾಗಿ ತಗೊಳ್ಳೋದಾದರೆ ಶುಗರ್ ಮಾತ್ರೆ ಅಥವಾ ರಕ್ತ ತಿಳಿ ಮಾಡುವ ಮಾತ್ರೆ ನುಂಗುವವರು ಮೊದಲು ಡಾಕ್ಟರಿಗೆ ಹೇಳಬೇಕು.

ಗರ್ಭಿಣಿಯರಿಗೆ ಮನೆಯವರು ಪ್ರೀತಿಯಿಂದ ಮೊರಬ್ಬದ ಬಾಟಲಿ ತಂದಿಡ್ತಾರೆ. ಗರ್ಭಾವಸ್ಥೆಯಲ್ಲೇ ಶುಗರ್ ಬರುವ ಸಾಧ್ಯತೆ ಇರೋದರಿಂದ ಪರೀಕ್ಷೆ ಆಗೋವರೆಗೆ ಬಾಟಲಿ ತೆಗೆಯದಿರೋದೇ ಲೇಸು. ಮೂತ್ರಪಿಂಡದಲ್ಲಿ ಕಲ್ಲಾದವರು ಸಿ ವಿಟಮಿನ್ ಅತಿಯಾಗಿ ತಗೊಳ್ಳಬಾರದು, ಒಂದು ಕಾಯಿ ಸಾಕು. ಉಬ್ಬಸ ಇರುವವರು ಪ್ಯಾಕೆಟ್ ಮೇಲೆ 220ರಿಂದ 224ರವರೆಗಿನ ಸಂರಕ್ಷಕದ ಸಂಖ್ಯೆ ಇದೆಯಾ ನೋಡಬೇಕು. ಅದು ಗಂಧಕದ ಸಂಯುಕ್ತ, ಕೆಲವರಿಗೆ ಉಬ್ಬಸ ಕೆರಳಿಸುತ್ತೆ.

ಮಕ್ಕಳ ವಿಷಯದಲ್ಲಿ ಅಂಟು ಕ್ಯಾಂಡಿ ಹಲ್ಲಿಗೆ ಹಿಡಿದು ಹುಳುಕು ತರುತ್ತೆ, ತೀರಾ ಚಿಕ್ಕವರಿಗೆ ಗಂಟಲಲ್ಲಿ ಸಿಕ್ಕುವ ಭಯವೂ ಇದೆ. ಶಾಲೆಗೆ ಹೋಗುವ ಮಕ್ಕಳಿಗೆ ದಿನಾ ಬೇಡ. ಯಾವಾಗಲೋ ಒಂದು ತುಂಡು ಕೊಟ್ಟರೆ ಅದನ್ನು ಮಿಠಾಯಿ ಅಂತಲೇ ಕೊಡಿ, ಔಷಧಿ ಅಂತ ಅಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಕೊಡ್ತಿದ್ದ ಚಿಕ್ಕಿಯನ್ನು ರಾಜ್ಯ ಸರ್ಕಾರ 2025ರ ಆರಂಭದಲ್ಲಿ ಕೈಬಿಟ್ಟಿತು. ಗುಣಮಟ್ಟ, ದಾಸ್ತಾನಿನ ದೂರುಗಳ ಜೊತೆ ಸಕ್ಕರೆ ಅಂಶವೂ ಕಾರಣವಾಗಿತ್ತು. ಶೇಂಗಾ ಇರುವ ಚಿಕ್ಕಿಗೇ ಆ ಪ್ರಶ್ನೆ ಬಂದಿತ್ತು ಅಂದಮೇಲೆ ಆಮ್ಲಾ ಕ್ಯಾಂಡಿಗೂ ಕೇಳಲೇಬೇಕು.

ಲೇಬಲ್ ಯಾವ ಭಾಷೆಯಲ್ಲಿದೆ?

ಇಷ್ಟೆಲ್ಲ ಲೆಕ್ಕ ಮಾಡಬೇಕಾದ್ದು ಓದುಗರ ಕೆಲಸ ಆಗಬಾರದಿತ್ತು. ಸವದತ್ತಿಯ ಒಬ್ಬ ಅಜ್ಜಿ, ಯಲ್ಲಮ್ಮನ ಗುಡ್ಡಕ್ಕೆ ಬಂದ ಮೊಮ್ಮಗ ತಂದುಕೊಟ್ಟ ಪ್ಯಾಕೆಟ್ ಕೈಯಲ್ಲಿ ಹಿಡಿದು ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ತಿಳಿದುಕೊಳ್ಳಬೇಕು ಅಂದುಕೊಳ್ಳಿ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಬಹುದು, ಕಡ್ಡಾಯ ಇಲ್ಲ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಎರಡೂ ಒಂದೇ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಆಧರಿಸಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಒಂದು ಆದೇಶ ಮಾಡಿತು. ರಾಜ್ಯದಲ್ಲಿ ತಯಾರಾಗುವ ಉತ್ಪನ್ನಗಳ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಅಂತ. ಒಳ್ಳೆಯದೇ. ಆದರೆ ನೆಲ್ಲಿಯ ದೊಡ್ಡ ಬೆಳೆ ಇರೋದು ಉತ್ತರ ಪ್ರದೇಶದ ಪ್ರತಾಪಗಢದಂಥ ಕಡೆ, ದೊಡ್ಡ ಬ್ರ್ಯಾಂಡುಗಳ ಫ್ಯಾಕ್ಟರಿಗಳೂ ಬಹುಪಾಲು ಹೊರರಾಜ್ಯದಲ್ಲಿವೆ. ಅಲ್ಲಿಂದ ಬರುವ ಪ್ಯಾಕೆಟ್ಟಿಗೆ ಈ ಆದೇಶ ಮುಟ್ಟೋದಿಲ್ಲ. ಕನ್ನಡ ಬೇಕು ಅಂತ ನಾಮಫಲಕಕ್ಕೆ ಹೋರಾಡೋರು ಈ ಸಣ್ಣ ಅಕ್ಷರದ ಕೋಷ್ಟಕಕ್ಕೂ ಹೋರಾಡಬೇಕಾಗಿದೆ, ಯಾಕೆಂದರೆ ಇದು ಆರೋಗ್ಯದ ಮಾತು.

ಪ್ಯಾಕೆಟ್ ಮುಂಭಾಗದಲ್ಲೇ ಎಚ್ಚರಿಕೆ ಹಾಕೋದು ಇನ್ನೊಂದು ದಾರಿ. ಚಿಲಿ ದೇಶ 2016ರಿಂದ ಸಕ್ಕರೆ ಹೆಚ್ಚಿರುವ ಆಹಾರದ ಮೇಲೆ ಕಪ್ಪು ಅಷ್ಟಕೋನದ ಗುರುತು ಹಾಕಿಸುತ್ತಿದೆ. ಓದು ಬರದವರಿಗೂ ಅದು ಅರ್ಥವಾಗುತ್ತೆ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ 2022ರಲ್ಲಿ ಎಚ್ಚರಿಕೆಯ ಬದಲು ನಕ್ಷತ್ರಗಳ ಅಂಕ ಕೊಡುವ ಕರಡು ತಂದಿತು. ನಕ್ಷತ್ರದ ಪದ್ಧತಿಯಲ್ಲಿ ಹಣ್ಣಿನ ಅಂಶಕ್ಕೆ ಸಿಗುವ ಒಳ್ಳೆಯ ಅಂಕ ಸಕ್ಕರೆಯ ಕೆಟ್ಟ ಅಂಕವನ್ನು ಒಂದಿಷ್ಟು ಮುಚ್ಚಬಲ್ಲದು. ನೆಲ್ಲಿ ಮಿಠಾಯಿಯಂಥ ವಸ್ತುವಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮುಂಭಾಗದ ಎಚ್ಚರಿಕೆ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸು ಕೊಡಿ ಅಂತ ಹೇಳಿತು, ಗಡುವು ಆಮೇಲೆ ಮುಂದಕ್ಕೆ ಹೋಯಿತು.

ಕಬ್ಬಿನ ನಾಡಿನಲ್ಲಿ ಈ ಮಾತು

ಇದನ್ನು ಈ ಭಾಗದಲ್ಲಿ ಹೇಳೋದು ಸ್ವಲ್ಪ ಮುಜುಗರದ ಕೆಲಸ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್. ಮಲಪ್ರಭೆಯ ನೀರು ಹರಿದ ಕಡೆಯೆಲ್ಲ ಕಬ್ಬು. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲಿ ಕೂತಿದ್ದರು, ಕೊನೆಗೆ 3,300ಕ್ಕೆ ಮಾತುಕತೆ ಮುಗೀತು. ಸಕ್ಕರೆ ಕಡಿಮೆ ತಿನ್ನಿ ಅಂದರೆ ರೈತರ ವಿರುದ್ಧ ಮಾತಾಡಿದಂತೆ ಅಂತ ಕೆಲವರಿಗೆ ಅನಿಸಬಹುದು.

ಅದು ಹಾಗಲ್ಲ. ಕಬ್ಬಿನ ದರ ನಿಲ್ಲೋದು ಸರ್ಕಾರದ ನಿಗದಿ, ಇಳುವರಿ, ಕಾರ್ಖಾನೆಯ ಬಾಕಿ, ಎಥೆನಾಲ್ ನೀತಿಯ ಮೇಲೆ. ಬೆಳೆದವರಿಗೆ ನ್ಯಾಯದ ಬೆಲೆ ಕೇಳೋದು, ತಿನ್ನುವವರಿಗೆ ನಿಜವಾದ ಲೆಕ್ಕ ಕೇಳೋದು, ಎರಡೂ ಒಟ್ಟಿಗೆ ಆಗುವಂಥದ್ದು. ಕಬ್ಬು ಬೆಳೆಯುವವರ ಮನೆಯಲ್ಲೂ ಶುಗರ್ ಮಾತ್ರೆ ನುಂಗುವವರು ಇದ್ದಾರೆ.

ಕಿತ್ತೂರು ಉತ್ಸವದಂಥ ಕಡೆ ಮಳಿಗೆ ಹಾಕುವ, ಮನೆಯಲ್ಲೇ ನೆಲ್ಲಿ ಕ್ಯಾಂಡಿ ಮಾಡಿ ಮಾರುವ ಮಹಿಳಾ ಸಂಘಗಳ ವಿಷಯವೂ ಅಷ್ಟೇ. ಅವರ ದುಡಿಮೆಗೆ ಕಲ್ಲು ಹಾಕೋದು ಈ ಲೇಖನದ ಉದ್ದೇಶ ಅಲ್ಲ. ಕಿರು ಆಹಾರ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ನೂರಕ್ಕೆ 35ರಷ್ಟು ಸಹಾಯಧನ ಇದೆ. ಅದರ ಜೊತೆಗೇ ಸಕ್ಕರೆ ಅಳೆಸಿ ಕನ್ನಡದಲ್ಲಿ ಚೀಟಿ ಅಂಟಿಸೋಕೂ ನೆರವು ಕೊಟ್ಟರೆ ಸಂಘಗಳ ಪ್ಯಾಕೆಟ್ ದೊಡ್ಡ ಬ್ರ್ಯಾಂಡಿಗಿಂತ ನಂಬಿಕೆಗೆ ಅರ್ಹ ಆಗುತ್ತೆ. ತೊಕ್ಕು, ಚಟ್ನಿಪುಡಿಯಂಥ ಸಕ್ಕರೆ ಬೇಡದ ನೆಲ್ಲಿ ಪದಾರ್ಥಗಳಿಗೂ ಮಾರುಕಟ್ಟೆ ಇದೆ.

ಸ್ಪಷ್ಟವಾಗಿ ಕಾಣೋದಕ್ಕೆ ನಮ್ಮಲ್ಲಿ "ಅಂಗೈ ನೆಲ್ಲಿ" ಅನ್ನೋ ಮಾತಿದೆ. ಅಂಗೈ ಮೇಲಿಟ್ಟ ನೆಲ್ಲಿಕಾಯಿಯಲ್ಲಿ ಮುಚ್ಚಿಡೋಕೆ ಏನೂ ಇಲ್ಲ. ಪ್ಯಾಕೆಟ್ಟಿನೊಳಗಿನ ನೆಲ್ಲಿಗೂ ಅದನ್ನೇ ಕೇಳಬೇಕು. ಮುಂದಿನ ಸಲ ಅಂಗಡಿಯಲ್ಲಿ ಕ್ಯಾಂಡಿ ತಗೊಳ್ಳುವಾಗ "ಎಷ್ಟ್ರಿ?" ಅಂತ ಬೆಲೆ ಕೇಳಿದ ಮೇಲೆ "ಇದರಾಗ ಸಕ್ರಿ ಎಷ್ಟೈತ್ರಿ?" ಅಂತಲೂ ಕೇಳಿ. ಅಂಗಡಿಯವರಿಗೆ ಗೊತ್ತಿರಲಿಕ್ಕಿಲ್ಲ, ಅದು ಅವರ ತಪ್ಪೂ ಅಲ್ಲ. ಅದೇ ಪ್ರಶ್ನೆಯನ್ನು ನಿಮ್ಮ ಶಾಸಕರಿಗೆ, ಸಂಸದರಿಗೆ ಕೇಳಿ: 25 ಗ್ರಾಂ ಅಂತ ಹೇಳುವ ಸರ್ಕಾರ ಲೇಬಲ್ ಮೇಲೆ 50 ಯಾಕೆ ಹಿಡಿಯುತ್ತೆ, ಅದನ್ನೂ ನಮ್ಮ ಭಾಷೆಯಲ್ಲಿ ಯಾಕೆ ಬರೆಯೋದಿಲ್ಲ? ಉತ್ತರ ಬರೋವರೆಗೆ ದಿನಕ್ಕೊಂದು ಹಸಿ ನೆಲ್ಲಿಕಾಯಿ, ಊಟದ ಜೊತೆ, ಚಿಟಿಕೆ ಉಪ್ಪು ಹಚ್ಚಿ. ಅಷ್ಟು ಸಾಕು.